ನಿಧಾನದ ಗುಂಪಿನ ಮೇಡಂ

ಲಕೋಟೆ ಹರಿದವರು ಗೌಡರೇ. ಅದನ್ನು ನಾವ್ಯಾರೂ ಮುಟ್ಟುವಂತಿರಲಿಲ್ಲ. ಎಡಗೈಗೆ ಇನ್ನೂ ಹಿಡಿತ ಬಂದಿರಲಿಲ್ಲ, ಹಾಗಾಗಿ ಎಡ ಮೊಣಕೈಯಿಂದ ಲಕೋಟೆಯನ್ನು ಮೇಜಿಗೆ ಒತ್ತಿ ಹಿಡಿದು ಬಲಗೈಯಿಂದ ಅಂಚು ಕಿತ್ತರು. ಒಳಗಿನ ಚೀಟಿಯಲ್ಲಿ 'ಜೋರು' ಎಂದು ಬರೆದಿತ್ತು. ಅವರು ನನ್ನ ಮುಖ ನೋಡಿದರು.

"ಅಂದ್ರೆ ನಿಮ್ ಹತ್ರ ಅಲ್ವೇನವ್ವಾ?"

"ಅಲ್ಲ ಗೌಡ್ರೇ, ಆ ಕಡೆ," ಎಂದು ಹಾಲ್‌ನ ಕಿಟಕಿ ಪಕ್ಕದ ಯಂತ್ರಗಳನ್ನು ತೋರಿಸಿದೆ. ಗಾಳಿ ಬೆಳಕು ಇದ್ದ ಆ ಜಾಗವೂ ಹೊಸ ಹುಡುಗಿಗೇ ಸಿಕ್ಕಿತ್ತು.

ನಾನು ರಾಜಾಜಿನಗರದ ಒಂದು ಪುನಶ್ಚೇತನ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್. ಸ್ಟ್ರೋಕ್ ಆದವರನ್ನು ಕೂರಿಸುವುದು, ನಿಲ್ಲಿಸುವುದು, ಮತ್ತೆ ನಡೆಸುವುದು ನನ್ನ ಕೆಲಸ. ನಮ್ಮ ದೊಡ್ಡ ಡಾಕ್ಟರು ಆ ವರ್ಷ ಒಂದು ಅಧ್ಯಯನ ಕೈಗೆತ್ತಿಕೊಂಡಿದ್ದರು. ಒಮ್ಮೆ ಸ್ಟ್ರೋಕ್ ಆದವರ ರಕ್ತನಾಳಗಳು ಎಷ್ಟೋ ಸಲ ಗಡುಸಾಗಿರುತ್ತವೆ. ನಾಳ ಗಡುಸಾದಷ್ಟೂ ಇನ್ನೊಂದು ಸ್ಟ್ರೋಕಿನ ಭಯ ಹೆಚ್ಚು. ವ್ಯಾಯಾಮದಿಂದ ನಾಳ ಮೆದುವಾಗಬಹುದು ಎನ್ನುತ್ತಾರೆ. ಆದರೆ ಎಂಥ ವ್ಯಾಯಾಮ? ಒಂದೇ ಸಮನೆ ನಿಧಾನವಾಗಿ ಮಾಡುವುದೋ, ಅಥವಾ ಒಂದು ನಿಮಿಷ ಏದುಸಿರು ಬರುವಷ್ಟು ಜೋರಾಗಿ, ಇನ್ನೊಂದು ನಿಮಿಷ ಸುಧಾರಿಸಿಕೊಳ್ಳುತ್ತಾ ಮಾಡುವುದೋ? ಅದನ್ನು ತಿಳಿಯಲು ಎರಡು ಗುಂಪು, ವಾರಕ್ಕೆ ಮೂರು ದಿನ, ಹನ್ನೆರಡು ವಾರ. ಯಾರು ಯಾವ ಗುಂಪಿಗೆ ಎಂಬುದನ್ನು ಲಕೋಟೆಯೇ ಹೇಳಬೇಕು.

ನಿಧಾನದ ಗುಂಪು ನನಗೆ ಬಂತು. ಜೋರಿನ ಗುಂಪು, ಕೆಲಸಕ್ಕೆ ಸೇರಿ ಆರು ತಿಂಗಳೂ ಆಗದ ಹುಬ್ಬಳ್ಳಿ ಹುಡುಗಿಗೆ ಹೋಯಿತು. ಇದಕ್ಕೆ ಲಕೋಟೆ ಇರಲಿಲ್ಲ. ಅವಳು ಓದುವಾಗ ಇಂಥದೇ ವ್ಯಾಯಾಮದ ತರಬೇತಿ ಪಡೆದಿದ್ದಾಳೆ ಎಂದು ಡಾಕ್ಟರು ಒಂದೇ ಮಾತಿನಲ್ಲಿ ತೀರ್ಮಾನಿಸಿದರು. ಹಿತ್ತಲ ಗಿಡ ಮದ್ದಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ, ಬಾಯಲ್ಲಿ "ಒಳ್ಳೇದು ಸಾರ್" ಎಂದೆ. ಕೆಂಗೇರಿ ಉಪನಗರದಲ್ಲಿ ನಮ್ಮದೇ ಹೊಸ ವ್ಯಾಯಾಮ ಕೇಂದ್ರ ತೆರೆಯುವುದಿತ್ತು. ಅಧ್ಯಯನ ಮುಗಿದ ಮೇಲೆ ಅದರ ಉಸ್ತುವಾರಿ ನಿಮ್ಮಿಬ್ಬರಲ್ಲಿ ಒಬ್ಬರಿಗೆ ಎಂದೂ ಅವರು ಅದೇ ದಿನ ಹೇಳಿದರು. ಆ ಕಟ್ಟಡವನ್ನು ನಾನು ಮೊದಲೇ ಹೋಗಿ ನೋಡಿ ಬಂದಿದ್ದೆ. ಕನ್ನಡಿ ಯಾವ ಗೋಡೆಗೆ, ಹಿಡಿದು ನಡೆಯುವ ಕಂಬಿಗಳು ಎಲ್ಲಿ ಎಂಬುದೆಲ್ಲ ನನ್ನ ತಲೆಯಲ್ಲಿ ತಯಾರಾಗಿತ್ತು.

ಗೌಡರು ಕೆಂಗೇರಿ ಹಳೇ ಊರಿನವರು. ಹೊಲವೆಲ್ಲ ಲೇಔಟ್ ಆದ ಮೇಲೂ ಮನೆ ಹಿಂದೆ ಒಂದಿಷ್ಟು ಜಾಗ ಉಳಿಸಿಕೊಂಡು ಅವರೆ, ಹುರುಳಿ ಬೆಳೆಯುತ್ತಿದ್ದರು. ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ ದಿನದಿಂದ ನಾನು ನೋಡಿಕೊಂಡಿದ್ದೆ. ಮೊದಲ ಸಲ ನಾಲ್ಕು ಹೆಜ್ಜೆ ಇಟ್ಟಾಗ ಅವರು ಅತ್ತಿದ್ದರು, ನಾನೂ ಅತ್ತಿದ್ದೆ. ಈಗ ಅವರು ವಾರಕ್ಕೆ ಮೂರು ದಿನ ನನ್ನೆದುರಿಗೇ ಅವಳ ಹತ್ತಿರ ಹೋಗಿ ಕೂರುತ್ತಿದ್ದರು.

ಕೂತು ತುಳಿಯುವ ಆ ಯಂತ್ರದಲ್ಲಿ ಕೈಯೂ ಕಾಲೂ ಒಟ್ಟಿಗೆ ಆಡುತ್ತವೆ. ಸ್ವಾಧೀನವಿಲ್ಲದ ಕೈಯನ್ನು ಬಟ್ಟೆಪಟ್ಟಿಯಿಂದ ಹಿಡಿಗೆ ಕಟ್ಟಬೇಕು, ಆ ಕಾಲನ್ನು ಪೆಡಲಿಗೆ ಬಿಗಿಯಬೇಕು. ಎದೆಗೆ ಹೃದಯದ ಬಡಿತ ತೋರಿಸುವ ಬೆಲ್ಟು. ನನ್ನ ಗುಂಪಿಗೆ ನನ್ನ ಅಳತೆ ಸರಳ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅವಳ ಗುಂಪಿನಲ್ಲಿ ಜೋರು ನಿಮಿಷದಲ್ಲಿ ಎರಡು ಪದಕ್ಕಿಂತ ಹೆಚ್ಚು ಬಾಯಿಂದ ಹೊರಡಬಾರದು. ಅವಳು ಗಡಿಯಾರ ನೋಡುತ್ತಾ "ಈಗ ಬಿಡಬ್ಯಾಡ್ರಿ ಗೌಡ್ರ, ತುಳೀರಿ, ತುಳೀರಿ, ಹತ್ತ ಸೆಕೆಂಡ ಅಷ್ಟ" ಎನ್ನುತ್ತಿದ್ದಳು. ಹತ್ತು ಸೆಕೆಂಡು ಮುಗಿಯುತ್ತಲೇ ಆ ಕಡೆಯವರೆಲ್ಲ ನಗುತ್ತಿದ್ದರು, ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ಈ ಕಡೆ ನನ್ನವರು ಮದುವೆ ಮನೆಯಲ್ಲಿ ಊಟಕ್ಕೆ ಕರೆಯುವುದನ್ನು ಕಾಯುವವರ ಹಾಗೆ ಒಂದೇ ಸಮನೆ ತುಳಿಯುತ್ತಿದ್ದರು.

ಮೂರನೇ ವಾರಕ್ಕೇ ನನ್ನ ಗುಂಪಿನ ಟೀಚರ್ ಕೇಳಿದರು. ಬಸವೇಶ್ವರನಗರದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಮಾತು ಸ್ವಲ್ಪ ತೊದಲುತ್ತಿತ್ತು, ಬುದ್ಧಿ ಮಾತ್ರ ಚೂಪು.

"ನನ್ನನ್ನ ಆ ಕಡೆ ಹಾಕಕ್ಕಾಗಲ್ವೇನಮ್ಮ? ಅಲ್ಲಿ ಏನೋ ನಡೀತಿದೆ ಅನ್ಸುತ್ತೆ."

"ಇಲ್ಲೂ ನಡೀತಿದೆ ಟೀಚರ್. ನಿಧಾನಕ್ಕೆ ನಡೀತಿದೆ, ಅಷ್ಟೇ."

"ಅದೇ ನೋಡು, ನಿಧಾನ," ಎಂದು ಅವರು ಆ ಕಡೆ ಮುಖ ತಿರುಗಿಸಿಕೊಂಡು ತುಳಿದರು.

ಅವರೆಕಾಯಿ ಕಾಲ ಬಂತು. ಪ್ರತಿ ವರ್ಷ ಗೌಡರು ಸೊಗಡಿನ ಕಾಯಿ ತಂದು ನನ್ನ ಮೇಜಿನ ಮೇಲಿಡುತ್ತಿದ್ದರು. ಆ ಸಲ ಎರಡು ಕವರ್ ಬಂತು, ಒಂದು ನನಗೆ, ಒಂದು ಅವಳಿಗೆ. ಅವಳು ಯಂತ್ರ ಒರೆಸಲು ಹೋಗಿದ್ದಾಗ ಎರಡನ್ನೂ ಕೈಯಲ್ಲಿ ಎತ್ತಿ ನೋಡಿದೆ. ಅವಳದೇ ಭಾರವಿತ್ತು. ಈ ವಯಸ್ಸಿನಲ್ಲಿ ಅವರೆಕಾಯಿಗೂ ಹೊಟ್ಟೆ ಉರಿಸಿಕೊಳ್ಳುತ್ತೇನೆಂದು ನಾನೇ ಎಣಿಸಿರಲಿಲ್ಲ.

ಅವಳ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದ್ದುದು ಅವಳ ಫೋನಿನಿಂದ. ವ್ಯಾಯಾಮದ ಹಿಂದಿನ ದಿನ ಸಂಜೆ ಅವಳ ಗುಂಪಿನ ಒಬ್ಬೊಬ್ಬರಿಗೂ ಫೋನು ಮಾಡುವಳು. "ನಾಳೆ ಏಳಕ್ಕೆ ಬನ್ನಿ" ಎಂದರೆ ಮುಗಿಯುವ ಮಾತು. ಅವಳು ಚಹಾ ಆತೇನ್ರಿ ಎಂದು ಶುರು ಮಾಡಿ, ಮೊಮ್ಮಗಳ ಪರೀಕ್ಷೆ, ಸೊಸೆಯ ಬೆನ್ನುನೋವು, ಗುಳಗಿ ತಗೊಂಡ್ರೇನ್ರಿ, ನಿದ್ದಿ ಬಂತೇನ್ರಿ ಎಂದು ಎಲ್ಲ ವಿಚಾರಿಸಿ ಇಡುವಳು. ಗುಳಗಿ ಎಂದರೆ ಮಾತ್ರೆ. ನಾನು ನಮ್ಮ ಟೆಕ್ನೀಷಿಯನ್ ಜೊತೆ ಅದನ್ನು ಅಣಕಿಸಿ ನಗುತ್ತಿದ್ದೆ. ಒಂದು ದಿನ ಅವಳ ಗುಂಪಿನ ಒಬ್ಬರಿಗೆ ತಲೆ ಸುತ್ತಿತು. ಅವಳು ಅವರನ್ನು ಮೆಲ್ಲಗೆ ಮಲಗಿಸಿ, ಕಾಲಡಿ ದಿಂಬು ಕೊಟ್ಟು, ಬಿ.ಪಿ. ನೋಡುತ್ತಾ ನನ್ನನ್ನು ಕೂಗಿದಳು. ನಾನು ಓಡಿದೆ. ಆದರೆ ಓಡುವಾಗ ಮನಸ್ಸಿನ ಒಂದು ಮೂಲೆಗೆ ಸಂತೋಷವಾಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಐದು ನಿಮಿಷದಲ್ಲಿ ಅವರು ಎದ್ದು ಕೂತರು, ನನ್ನ ಸಂತೋಷವೂ ಇಳಿಯಿತು.

ಇನ್ನು ಅಳತೆಯ ವಿಷಯ. ಇದು ಗೊತ್ತಾಗದೆ ಮುಂದಿನದು ಗೊತ್ತಾಗುವುದಿಲ್ಲ. ಹನ್ನೆರಡು ವಾರದ ಮೊದಲೊಮ್ಮೆ, ಕೊನೆಗೊಮ್ಮೆ, ಪ್ರತಿಯೊಬ್ಬರ ನಾಳ ಎಷ್ಟು ಗಡುಸು ಎಂದು ನೋಡಬೇಕು. ಬೆಳಿಗ್ಗೆ ಬಂದವರನ್ನು ಮಂದ ಬೆಳಕಿನ ಕೋಣೆಯಲ್ಲಿ ಮಲಗಿಸಿ ಸುಮ್ಮನೆ ಬಿಡುತ್ತೇವೆ. ಆಮೇಲೆ ಟೆಕ್ನೀಷಿಯನ್ ಪೆನ್ನಿನಂಥ ಒಂದು ಸಾಧನವನ್ನು ಕುತ್ತಿಗೆಯ ನಾಡಿಯ ಮೇಲೆ, ಆಮೇಲೆ ತೊಡೆಸಂದಿನ ನಾಡಿಯ ಮೇಲೆ ಹಿಡಿಯುತ್ತಾನೆ. ಹೃದಯದಿಂದ ಹೊರಟ ಬಡಿತದ ಅಲೆ ಎಷ್ಟು ಬೇಗ ಬರುತ್ತದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಬಿಸಿಲಿಗೆ ಒಣಗಿ ಗಡುಸಾದ ಪೈಪಿನಲ್ಲಿ ಅಲೆ ಬೇಗ ಓಡುತ್ತದೆ, ಮೆತ್ತನೆ ಪೈಪಿನಲ್ಲಿ ನಿಧಾನವಾಗಿ. ಯಾರು ಯಾವ ಗುಂಪಿನವರು ಎಂಬುದು ಟೆಕ್ನೀಷಿಯನ್‌ಗೆ ತಿಳಿಯಬಾರದು. ಬರುವವರು ತಿಂಡಿ ತಿಂದಿರಬಾರದು, ಕಾಫಿ ಕುಡಿದಿರಬಾರದು. ಮೊದಲ ಸಲದ ಅಳತೆಗೆ ಎರಡೂ ಗುಂಪಿನವರಿಗೆ ಹಿಂದಿನ ದಿನ ಫೋನ್ ಮಾಡಿ ಇದನ್ನು ಹೇಳಿದವಳು ನಾನು. ಎರಡೂ ಸಲ ಬೆಳಿಗ್ಗೆ ಬಂದವರನ್ನು ಕೇಳಿ ಫಾರಂ ತುಂಬಿದವಳೂ ನಾನೇ. ಕೊನೆಯ ಅಳತೆಗೆ ಮಾತ್ರ ನಮ್ಮ ನಮ್ಮ ಗುಂಪಿಗೆ ನಾವು ನಾವೇ ಫೋನ್ ಮಾಡಿದೆವು.

ಕೊನೆಯ ಅಳತೆ ಮುಗಿದ ಶುಕ್ರವಾರ ದೊಡ್ಡ ಡಾಕ್ಟರು ಇಬ್ಬರನ್ನೂ ಕೋಣೆಗೆ ಕರೆದರು. ಕಂಪ್ಯೂಟರಿನಲ್ಲಿ ಎರಡು ಗೆರೆಗಳಿದ್ದವು. ಅವಳ ಗುಂಪಿನ ಗೆರೆ ಇಳಿದಿತ್ತು, ಅಂದರೆ ನಾಳ ಮೆದುವಾಗಿತ್ತು. ನನ್ನದು ಇದ್ದಲ್ಲೇ ಇತ್ತು.

"ಇಷ್ಟು ವ್ಯತ್ಯಾಸ ನಾನೂ ನಿರೀಕ್ಷೆ ಮಾಡಿರ್ಲಿಲ್ಲ," ಎಂದರು ಡಾಕ್ಟರು. ಅವರು ಹಾಗೆ ನಕ್ಕಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. "ಮುಂದಿನ ತಿಂಗಳು ಡಾಕ್ಟರುಗಳ ಸಭೇಲಿ ಇದನ್ನ ಹೇಳ್ಬೇಕು. ಕೆಂಗೇರಿ ವಿಷಯ ಸೋಮವಾರ ಮಾತಾಡೋಣ."

ಯಾರನ್ನು ಕಳಿಸುತ್ತಾರೆಂದು ಅವರು ಹೇಳಬೇಕಾಗಿಯೇ ಇರಲಿಲ್ಲ. ಅವಳು ತಲೆ ತಗ್ಗಿಸಿ ದುಪಟ್ಟಾದ ಅಂಚು ಸುತ್ತುತ್ತಿದ್ದಳು. ಬೀಗಿದ್ದರಾದರೂ ಬೈದುಕೊಳ್ಳಬಹುದಿತ್ತು, ಅದಕ್ಕೂ ಅವಳು ಅವಕಾಶ ಕೊಡಲಿಲ್ಲ.

ಶನಿವಾರ ನಾನು ಮೊಸರಲ್ಲಿ ಕಲ್ಲು ಹುಡುಕಲು ಕೂತೆ. ಅವಳ ಗುಂಪಿನ ಒಂದೊಂದು ಹಾಳೆಯನ್ನೂ ತೆಗೆದು ನೋಡಿದೆ. ಬಂದ ದಿನಗಳು, ಬಡಿತದ ಅಂಕಿ, ಸಮಯ, ಎಲ್ಲ ಅಚ್ಚುಕಟ್ಟಾಗಿತ್ತು. ಅಷ್ಟರಲ್ಲಿ ಗೌಡರು ಮಾಮೂಲಿ ಚಿಕಿತ್ಸೆಗೆಂದು ಬಂದರು. ನಾನು ಸಲೀಸಾಗಿ ಮಾತಿಗೆಳೆದೆ.

"ಗೌಡ್ರೇ, ಕೊನೇ ಟೆಸ್ಟ್ ದಿನ ಬೆಳಿಗ್ಗೆ ಏನಾದ್ರೂ ತಗೊಂಡು ಬಂದಿದ್ರಾ?"

"ಏನೂ ಇಲ್ಲ ಕಣವ್ವಾ. ಬಿ.ಪಿ. ಮಾತ್ರೆ ಒಂದ್ ಗುಟುಕು ನೀರಲ್ಲಿ ನುಂಗ್ ಬನ್ನಿ ಅಂತ ಆ ಮಗಾ ಫೋನ್ ಮಾಡಿ ಹೇಳಿತ್ತು. ಅದೊಂದೇ."

ನನ್ನ ಎದೆ ಹಿಗ್ಗಿತು. ಬಿ.ಪಿ. ಇಳಿದರೆ ನಾಳದ ಗಡುಸೂ ಇಳಿದ ಹಾಗೆ ಯಂತ್ರ ತೋರಿಸುತ್ತದೆ, ನಮ್ಮ ಕೆಲಸದಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಬರೆದುಕೊಟ್ಟ ಸೂಚನೆಯಲ್ಲಿ ಇಲ್ಲದ ಮಾತನ್ನು ಅವಳು ತನ್ನ ಗುಂಪಿಗೆ ಮಾತ್ರ ಹೇಳಿದ್ದಳು. ಅಲ್ಲಿಗೆ ಅವಳ ಗೆರೆ ಇಳಿದ ಗುಟ್ಟು ಸಿಕ್ಕಿತು. ಸೋಮವಾರ ಡಾಕ್ಟರಿಗೆ ಕೊಡಲು ಅರ್ಧ ಪುಟದ ಒಂದು ಟಿಪ್ಪಣಿ ಬರೆದೆ. ಅಷ್ಟು ಚಂದದ ಅಕ್ಷರ ನಾನು ಎಷ್ಟೋ ವರ್ಷದಿಂದ ಬರೆದಿರಲಿಲ್ಲ.

ಟಿಪ್ಪಣಿ ಗಟ್ಟಿಯಾಗಿರಲಿ ಎಂದು ನನ್ನ ಗುಂಪಿನ ಬಗ್ಗೆ ಒಂದು ಸಾಲು ಸೇರಿಸಬೇಕೆನಿಸಿತು: ನಿಧಾನದ ಗುಂಪಿನವರು ಎರಡೂ ಸಲ ಎಂದಿನಂತೆ ಮಾತ್ರೆ ತೆಗೆದುಕೊಂಡಿದ್ದರು. ಫಾರಂನಲ್ಲಿ ಹಾಗೇ ಇತ್ತು. 'ದಿನನಿತ್ಯದ ಔಷಧಿ' ಎಂಬಲ್ಲಿ ಎಲ್ಲರಿಗೂ 'ಹೌದು' ಎಂದು ನಾನೇ ಗುರುತು ಹಾಕಿದ್ದೆ. ಆದರೂ ಒಂದು ಮಾತು ಕೇಳಿಬಿಡೋಣ ಎಂದು ಟೀಚರಿಗೆ ಫೋನ್ ಮಾಡಿದೆ.

"ಟೀಚರ್, ಟೆಸ್ಟ್ ದಿನ ಬೆಳಿಗ್ಗೆ ಬಿ.ಪಿ. ಮಾತ್ರೆ ತಗೊಂಡಿದ್ರಲ್ಲಾ?"

"ಅದು ಹೇಗೆ ತಗೊಳ್ಳಲಿ? ಖಾಲಿ ಹೊಟ್ಟೇಲಿ ಬನ್ನಿ ಅಂದೆಯಲ್ಲಮ್ಮ ನೀನು. ಮಾತ್ರೆ ತಿಂಡಿ ಆದ ಮೇಲೆ ತಾನೇ?"

"ನಾನು ಅವತ್ತು ಬೆಳಿಗ್ಗೆ ಕೇಳಿದಾಗ ಹೌದು ಅಂದ್ರಲ್ಲಾ."

"ಮಾತ್ರೆ ಎಲ್ಲಾ ತಗೋತಿದೀರಲ್ಲಾ ಅಂತ ಕೇಳ್ದೆ. ತಗೋತಿದೀನಿ. ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿ ತಗೊಂಡೆ."

ಇನ್ನೊಬ್ಬರಿಗೆ ಮಾಡಿದೆ. ಅವರದೂ ಅದೇ ಉತ್ತರ. ವಿಜಯನಗರದ ಒಬ್ಬರು, "ಖಾಲಿ ಹೊಟ್ಟೇಲಿ ಮಾತ್ರೆ ನುಂಗಿದ್ರೆ ಹೊಟ್ಟೆ ಉರಿಯಲ್ವಾ ಮೇಡಂ?" ಎಂದು ನನ್ನನ್ನೇ ಕೇಳಿದರು. ನಮ್ಮ ಜನಕ್ಕೆ ಮಾತ್ರೆ ಎಂದರೆ ತಿಂಡಿಯ ಬಾಲ. ಇಡ್ಲಿಯೋ ಉಪ್ಪಿಟ್ಟೋ ಒಳಗೆ ಹೋಗದೆ ಅದು ಡಬ್ಬಿಯಿಂದ ಹೊರಗೆ ಬರುವುದಿಲ್ಲ. ನನ್ನ ಮನೆಯಲ್ಲೂ ಹಾಗೇ. ಇಷ್ಟು ಗೊತ್ತಿದ್ದೂ ನಾನು ಖಾಲಿ ಹೊಟ್ಟೆ ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದೆ.

ಕೊನೆಗೆ ಗೌಡರಿಗೂ ಮಾಡಿದೆ. ಮೂರು ತಿಂಗಳ ಹಿಂದೆ, ಮೊದಲ ಟೆಸ್ಟಿನ ದಿನ? "ಅವತ್ತು ನುಂಗಿರ್ಲಿಲ್ಲ ಕಣವ್ವಾ. ಅವತ್ತು ನೀವಲ್ವಾ ಫೋನ್ ಮಾಡಿದ್ದು, ಮಾತ್ರೆ ವಿಷ್ಯ ಏನೂ ಹೇಳಿರ್ಲಿಲ್ಲ," ಎಂದರು. ಅವರ ದನಿಯಲ್ಲಿ ದೂರೇನೂ ಇರಲಿಲ್ಲ.

ಅಲ್ಲಿಗೆ ಲೆಕ್ಕ ಸ್ಪಷ್ಟವಾಯಿತು. ಮೊದಲ ಸಲ ನನ್ನ ಮಾತು ಕೇಳಿ ಹೆಚ್ಚಿನವರು ಮಾತ್ರೆ ಬಿಟ್ಟು ಬಂದಿದ್ದರು. ಕೊನೆಯ ಸಲ ನನ್ನವರು ಮತ್ತೆ ಬಿಟ್ಟು ಬಂದಿದ್ದರು, ಅವಳವರು ನುಂಗಿ ಬಂದಿದ್ದರು. ಗೆರೆಯನ್ನು ಇಳಿಸಿದ್ದು ಜೋರು ವ್ಯಾಯಾಮವೋ ಮಾತ್ರೆಯೋ ದೇವರಿಗೇ ಗೊತ್ತು. ಫಾರಂಗಳನ್ನು ಮತ್ತೆ ತೆಗೆದು ಬಿ.ಪಿ. ಬರೆದ ಕಡೆ ಬೆರಳಿಟ್ಟು ನೋಡಿದೆ. ಟೆಸ್ಟಿನ ಬೆಳಿಗ್ಗೆ ಟೀಚರ ಬಿ.ಪಿ. ಎರಡೂ ಸಲ ಮೇಲಿತ್ತು. ಟೆಸ್ಟ್ ನಿಲ್ಲಿಸುವ ಮಟ್ಟಕ್ಕೆ ಹೋಗಿರಲಿಲ್ಲ, ಹಾಗಾಗಿ ಕೋಣೆ ನೋಡಿ ಹೆದರಿದ್ದಾರೆ ಎಂದು ನಾನು ಬಿಟ್ಟಿದ್ದೆ. ಒಮ್ಮೆ ಸ್ಟ್ರೋಕ್ ಆದ ಹೆಂಗಸನ್ನು ಮಾತ್ರೆಯಿಲ್ಲದೆ ಎರಡು ಬಸ್ಸು ಹತ್ತಿಸಿ ಕರೆಸಿ ಮಧ್ಯಾಹ್ನದವರೆಗೆ ಕೂರಿಸಿದ್ದೆ. ಏನೂ ಆಗಲಿಲ್ಲ ಎಂಬುದು ಟೀಚರ ಪುಣ್ಯ, ನನ್ನ ಜಾಣತನವಲ್ಲ.

ಭಾನುವಾರವಿಡೀ ನಾನು ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಸುಮ್ಮನಿದ್ದರೆ ಅವಳು ಕೆಂಗೇರಿಗೆ ಹೋಗುತ್ತಾಳೆ, ಜೊತೆಗೊಂದು ಸುಳ್ಳು ಫಲಿತಾಂಶವೂ ಹೋಗುತ್ತದೆ. ಅರ್ಧ ಪುಟದ ಟಿಪ್ಪಣಿಯನ್ನಷ್ಟೇ ಕೊಟ್ಟರೆ ಅವಳು ಬೀಳುತ್ತಾಳೆ, ನಾನು ಉಳಿಯುತ್ತೇನೆ. ಮೊದಲ ಸಲದ ಮಾತ್ರೆಯ ಬಗ್ಗೆ ಯಾರೂ ಕೇಳುವವರಿಲ್ಲ, ನನ್ನ 'ಹೌದು' ಗುರುತುಗಳು ಕಾಗದದ ಮೇಲಿವೆ. ಈ ದಾರಿ ನನಗೆ ಎಷ್ಟು ರುಚಿಸಿತ್ತೆಂದರೆ ಸೋಮವಾರ ಬೆಳಿಗ್ಗೆ ಟಿಪ್ಪಣಿಯನ್ನು ಬ್ಯಾಗಿನಲ್ಲಿಟ್ಟುಕೊಂಡೇ ಹೊರಟೆ. ಅದರ ಹಿಂದೆ ಇನ್ನೊಂದು ಹಾಳೆಯೂ ಇತ್ತು, ಯಾರು ಯಾವ ಬೆಳಿಗ್ಗೆ ಮಾತ್ರೆ ಬಿಟ್ಟಿದ್ದರು ಎಂಬ ಪಟ್ಟಿ.

ಡಾಕ್ಟರ ಕೋಣೆಯಲ್ಲಿ ಅವಳು ಆಗಲೇ ಕೂತಿದ್ದಳು. "ಬರ್ರಿ ಅಕ್ಕಾರ," ಎಂದು ಎದ್ದು ನನಗೆ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಟ್ಟಳು. ನಾನು ಕೂರಲಿಲ್ಲ.

"ಸಾರ್, ಕೆಂಗೇರಿ ಮಾತಿಗೆ ಮುಂಚೆ ಒಂದು ವಿಷಯ ಇದೆ," ಎಂದೆ. ಬ್ಯಾಗಿನಲ್ಲಿ ಕೈಯಾಡಿಸಿದೆ. ಎರಡು ಹಾಳೆಯೂ ಬೆರಳಿಗೆ ಸಿಕ್ಕವು. ಟೀಚರ ಬಿ.ಪಿ. ಅಂಕಿ ಕಣ್ಣ ಮುಂದೆಯೇ ಇತ್ತು. ಮುಂದಿನ ತಂಡಕ್ಕೂ ನಾನೇ ಫೋನ್ ಮಾಡಿ ಖಾಲಿ ಹೊಟ್ಟೆ ಎನ್ನುವವಳು. ನಾನು ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟೆ.

ಹೇಳಬೇಕಾದದ್ದನ್ನು ಹೇಳಿದೆ. ಡಾಕ್ಟರು ಪಟ್ಟಿಯನ್ನು ಎರಡು ಸಲ ಓದಿದರು. ಮೂರನೇ ಸಲ ಕನ್ನಡಕ ತೆಗೆದು ಓದಿದರು.

"ಮೂರು ತಿಂಗಳು, ಮೇಡಂ," ಎಂದರು. ದನಿ ಏರಲಿಲ್ಲ. "ಮೊದಲನೇ ಅಳತೆ ಪೂರ್ತಿ ಹೋಯ್ತಲ್ಲ. ಅದನ್ನ ಮತ್ತೆ ಮಾಡಕ್ಕಾಗಲ್ಲ. ಫಾರಂ ತುಂಬಿದ್ದು ಯಾರು?"

"ನಾನು ಸಾರ್. ತಪ್ಪು ನನ್ನದೇ."

ಈ ಮಾತು ಸಲೀಸಾಗಿ ಬಂತು, ನನಗೇ ಆಶ್ಚರ್ಯವಾಯಿತು. ಡಾಕ್ಟರು ಅವಳ ಕಡೆ ತಿರುಗಿದರು. "ನೀನ್ಯಾಕಮ್ಮ ಸೂಚನೇಲಿ ಇಲ್ಲದ್ದನ್ನ ಹೇಳೋಕೆ ಹೋದೆ?"

ಅವಳ ಮುಖ ಬಿಳಿಚಿಕೊಂಡಿತು. "ಫೋನಿನ್ಯಾಗ ಒಬ್ಬರು, ಉಪವಾಸ ಅಂದ್ರ ಗುಳಗೀನೂ ಬಿಡಬೇಕಲ್ರೀ ಅಂದ್ರು ಸರ್. ಬಿ.ಪಿ. ಗುಳಗಿ ಒಂದ ದಿನಾನೂ ಬಿಡಬಾರದಲ್ರೀ, ಅದಕ್ಕ ಎಲ್ಲಾರಿಗೂ ಹೇಳಿದೆ. ಅಕ್ಕಾರೂ ಹೇಳಿರ್ತಾರ ಅಂತ ತಿಳ್ಕೊಂಡಿದ್ದೆ. ತಪ್ಪಾತೇನ್ರಿ?"

ಡಾಕ್ಟರು ನನ್ನ ಕಡೆ ತಿರುಗಿದರು. ಆ ಕೋಣೆಯಲ್ಲಿ ಅದಕ್ಕೆ ಉತ್ತರ ಕೊಡಬೇಕಾದವಳು ನಾನೇ. ನನ್ನ ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಇದೇ ಕಷ್ಟವಾಗಿತ್ತು. ನೀರು ಕುಡಿಯಬೇಕೆನಿಸಿತು, ಬಾಟಲಿ ಅವಳ ಪಕ್ಕದಲ್ಲಿತ್ತು, ಕೇಳಲಿಲ್ಲ.

"ಅವಳು ಮಾಡಿದ್ದೇ ಸರಿ ಸಾರ್," ಎಂದೆ. "ನಾನೂ ಹಾಗೇ ಹೇಳ್ಬೇಕಾಗಿತ್ತು."

ಆಮೇಲಿನದು ಬರೀ ಕೆಲಸ. ಸಭೆಯ ಮಾತು ನಿಂತಿತು. ಫಾರಂ ಬದಲಾಯಿತು. ಇವತ್ತು ಬೆಳಿಗ್ಗೆ ಯಾವ ಮಾತ್ರೆ, ಎಷ್ಟು ಗಂಟೆಗೆ ಎಂದು ಒಂದೊಂದಾಗಿ ಕೇಳಿ ಬರೆಯಬೇಕು. ಎರಡೂ ಗುಂಪಿಗೂ ಫೋನ್ ಮಾಡುವ ಕೆಲಸವನ್ನು ಡಾಕ್ಟರು ಅವಳಿಗೆ ವಹಿಸಿದರು. ಆ ವಾರ ನನ್ನ ಗುಂಪಿನವರನ್ನು ಮತ್ತೆ ಕರೆಸಿದೆವು, ಮಾತ್ರೆ ನುಂಗಿ ಬರುವಂತೆ. ಟೀಚರ ಬಿ.ಪಿ. ಆ ಕೋಣೆಯಲ್ಲಿ ಮೊದಲ ಸಲ ಹತೋಟಿಯಲ್ಲಿತ್ತು.

"ನಿನ್ನೆ ಆ ಹುಡುಗಿ ಫೋನ್ ಮಾಡಿದ್ಲಮ್ಮ," ಎಂದರು ಅವರು ಮಲಗಿದಲ್ಲಿಂದಲೇ. "ಎಷ್ಟು ಚೆನ್ನಾಗಿ ವಿಚಾರಿಸ್ತಾಳೆ."

"ಹೌದು ಟೀಚರ್. ಈಗ ಮಾತಾಡ್ಬೇಡಿ, ಅಳತೆ ಕೆಡುತ್ತೆ," ಎಂದೆ. ಅಳತೆಗೆ ಇನ್ನೂ ಹೊತ್ತಿತ್ತು.

ಹೊಸ ಅಂಕಿಗಳನ್ನಿಟ್ಟು ನೋಡಿದಾಗ ಎರಡು ಗುಂಪಿನ ನಡುವಿನ ಅಂತರ ಬಹಳಷ್ಟು ಕರಗಿತು. ಉಳಿದ ಚೂರು ಜೋರು ವ್ಯಾಯಾಮದ್ದೇ ಇರಬಹುದು, ಮೊದಲಿನಿಂದಲೇ ಇದ್ದದ್ದೂ ಇರಬಹುದು. "ಇದರಿಂದ ಏನೂ ಹೇಳಕ್ಕಾಗಲ್ಲ, ಹೊಸ ತಂಡ ತಗೊಂಡು ಮೊದಲಿಂದ ಶುರು ಮಾಡ್ಬೇಕು," ಎಂದರು ಡಾಕ್ಟರು. ಮೂರು ತಿಂಗಳು ಮಣ್ಣುಪಾಲಾಗಿತ್ತು, ಅದಕ್ಕೆ ಕಾರಣ ನಾನೇ. ಹಾಗಿದ್ದೂ ನನ್ನ ಗೆರೆ ಇಳಿದು ಅವಳದರ ಹತ್ತಿರ ಬಂದದ್ದನ್ನು ನೋಡಿ ನನಗೆ ಹಿತವಾಯಿತು.

ಹದಿನೈದು ದಿನ ಕಳೆದ ಮೇಲೆ ಡಾಕ್ಟರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು.

"ಕೆಂಗೇರಿಗೆ ಯಾರನ್ನ ಕಳಿಸ್ಲಿ? ನೀವೇ ಹೇಳಿ. ನಿಮಗೆ ಹೋಗೋ ಮನಸ್ಸಿದ್ರೆ ಅದನ್ನೂ ಹೇಳಿ. ಆ ವಿಷಯ ಅಲ್ಲಿಗೇ ಮುಗೀತು, ಅದನ್ನ ನಾನು ಹಿಡ್ಕೊಂಡು ಕೂತಿಲ್ಲ."

ಅವರು ನಿಜವಾಗಿಯೂ ಕೇಳುತ್ತಿದ್ದರು. ಒಂದು ಮಾತಾಡಿದ್ದರೆ ಸಿಗುತ್ತಿತ್ತೇನೋ. ಹಾಲ್‌ನಿಂದ ಅವಳ ದನಿ ಕೇಳುತ್ತಿತ್ತು. ಈಗ ನನ್ನ ಗುಂಪಿನವರೂ ಅವಳ ಮಾತಿಗೆ ನಗುತ್ತಿದ್ದರು, ಅದರಲ್ಲಿ ಟೀಚರ ನಗು ಎಲ್ಲರಿಗಿಂತ ಜೋರಾಗಿತ್ತು.

"ಅವಳನ್ನೇ ಕಳಿಸಿ ಸಾರ್," ಎಂದೆ. "ಬೇಗ ಕಳಿಸಿ."

"ದೊಡ್ಡ ಮನಸ್ಸು ಮೇಡಂ ನಿಮ್ಮದು," ಎಂದರು ಡಾಕ್ಟರು. ಅವಳು ಈ ಹಾಲ್ ಬಿಟ್ಟು ಹೋದರೆ ಸಾಕು ಎಂಬುದೊಂದೇ ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು. ಆದರೂ ಆ ಹೊಗಳಿಕೆಯನ್ನು ನಾನು ಬೇಡವೆನ್ನಲಿಲ್ಲ.